ದಿನಾ ಮರೆಯುವ ಪೆಟ್ಟಿಗೆ

ತಪ್ಪು ಮಾಡುವುದು ನನಗೆ ಎಂದೂ ಕಷ್ಟವೆನಿಸಿಲ್ಲ. ಒಪ್ಪಿಕೊಳ್ಳುವುದೂ ಅಷ್ಟೇನೂ ಕಷ್ಟವಲ್ಲ. ಆದರೆ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಮೇಲೆ ವಾಪಸು ಇಸಿದುಕೊಳ್ಳುವುದಿದೆಯಲ್ಲ, ಅದು ಊಟ ನಿದ್ದೆ ಎರಡನ್ನೂ ಕೆಡಿಸುತ್ತದೆ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಆದೋನಿಯ ನಮ್ಮ ಹತ್ತಿ ಮಿಲ್ಲಿನ ಆಫೀಸಿಗೆ ಒಂದು ಪೆಟ್ಟಿಗೆ ಬಂತು. ನಮ್ಮ ಕಂಪ್ಯೂಟರಿಗೂ ಎಮ್ಮಿಗನೂರಿನ ಗೋದಾಮಿನ ಕಂಪ್ಯೂಟರಿಗೂ ಟೆಲಿಫೋನ್ ತಂತಿಯ ಮೇಲೆ ದಾರಿ ಮಾಡಿಕೊಡುವುದು ಅದರ ಕೆಲಸ. ಹೈದರಾಬಾದಿನಿಂದ ಬಂದ ಇಂಜಿನಿಯರ್ ಅದನ್ನು ರೂಟರ್ ಎಂದರು. ಅದಕ್ಕೆ ಏನು ಹೇಳಬೇಕಾದರೂ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಟೈಪು ಮಾಡಬೇಕು. ಮಾಡಿದ ಮೇಲೆ ಸರಿ ಎನ್ನುವುದಿಲ್ಲ, ತಲೆ ಆಡಿಸುವುದಿಲ್ಲ. ಪರದೆಯ ಮೇಲೆ ಒಂದು ಗೀಟು ಮಿಟುಕುತ್ತಾ ‘ಮುಂದೆ?’ ಎಂಬಂತೆ ನಿಲ್ಲುತ್ತದೆ. ಹೆಣ್ಣು ನೋಡಲು ಹೋದಾಗ ನನ್ನ ಮಾವನವರು ನನ್ನನ್ನು ನೋಡಿದ್ದು ಹೀಗೆಯೇ. ಇಂಜಿನಿಯರ್ ಒಂದು ಹಾಳೆಯಲ್ಲಿ ಸಾಲುಗಳನ್ನೆಲ್ಲ ಬರೆದುಕೊಟ್ಟು ರೈಲು ಹಿಡಿಯಲು ಓಡಿದರು.

ನಮ್ಮಲ್ಲಿ ಹೊಸ ಕಾಗದವನ್ನು ಬರಿದಾಗಿ ಇಡುವ ರೂಢಿಯಿಲ್ಲ. ಮದುವೆಯ ಕರೆಯೋಲೆಯಿಂದ ಮಗಳ ಪರೀಕ್ಷೆಯ ಹಾಲ್ ಟಿಕೆಟ್ಟಿನವರೆಗೆ ಎಲ್ಲಕ್ಕೂ ಮೂಲೆಗಳಿಗೆ ಅರಿಶಿನ, ಕುಂಕುಮ. ಈ ಹಾಳೆಗೂ ಹಚ್ಚಿದೆ. ಯಂತ್ರ ದೊಡ್ಡದೆಂದು ಅರಿಶಿನವನ್ನೂ ಸ್ವಲ್ಪ ದಪ್ಪಗೇ ಕಲೆಸಿದ್ದೆ. ಅದು ಒಣಗಿದ ಮೇಲೆ ಹಾಳೆಯಲ್ಲಿ ಕಂಡ ಸಾಲುಗಳನ್ನೆಲ್ಲ ಟೈಪು ಹೊಡೆದೆ.

ಮರುದಿನ ಬೆಳಿಗ್ಗೆ ಹೋದರೆ ಪೆಟ್ಟಿಗೆಗೆ ಏನೂ ನೆನಪಿಲ್ಲ. ಹಾಳೆ ನೋಡಿಕೊಂಡು ಹತ್ತೊಂಬತ್ತು ಸಾಲು ಮತ್ತೆ ಹೊಡೆದೆ. ಹಸಿರು ದೀಪ ಬಂತು. ಅದರ ಮರುದಿನವೂ ಹಾಗೆಯೇ. ಗೋದಾಮಿನ ಗುಮಾಸ್ತ ಫೋನಿನಲ್ಲಿ, “ಏನ್ರೀ ಆಚಾರ್ರ, ನಿಮ್ಮ ಡಬ್ಬಿ ಇವತ್ತೂ ಎದ್ದಿಲ್ಲೇನು?” ಎಂದು ನಗುತ್ತಿದ್ದ. ಸಂಜೆ ಮನೆಗೆ ಹೋದರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದಿದ್ದು ನಾನು ಅಡುಗೆಮನೆಯಲ್ಲಿ ಸುಳಿದಾಡಿದ್ದರಿಂದ ಎಂದು ಮನೆಯವಳ ದೂರು.

ಐದನೆಯ ದಿನ ಮ್ಯಾನೇಜರು ಕಾರಣ ಕೇಳಿದರು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. “ಕಸ ಹೊಡಿಯೋ ತಿಪ್ಪಮ್ಮ ಒರೆಸುವಾಗ ವೈರು ಎಳಿತಾಳೋ ಏನೋ” ಎಂದುಬಿಟ್ಟೆ. ಅವರು ಗೇಟಿನಲ್ಲೇ ಆಕೆಯನ್ನು ನಿಲ್ಲಿಸಿ, ಎಲ್ಲರೆದುರು, “ನಾಳಿಂದ ಬರಬ್ಯಾಡ” ಎಂದರು.

ತಿಪ್ಪಮ್ಮ ನನ್ನ ಕಡೆ ತಿರುಗಿದಳು. “ಸ್ವಾಮಿ, ನಾ ಆ ಡಬ್ಬಿ ಮುಟ್ಟೀನೇನು? ನೀವ ಹೇಳ್ರಿ.”

ನಾನು ಕನ್ನಡಕ ಒರೆಸಿಕೊಂಡೆ.

ಮರುದಿನ ಆಕೆ ಬರಲಿಲ್ಲ. ಪೆಟ್ಟಿಗೆ ಮಾತ್ರ ಎಂದಿನಂತೆ ಎಲ್ಲ ಮರೆತು ಕೂತಿತ್ತು. ಟ್ರಂಕ್ ಕಾಲ್ ಹಾಕಿ ಇಂಜಿನಿಯರನ್ನು ಹಿಡಿದೆ.

“ಬೆಳಗಿನ ಜಾವ ಕರೆಂಟು ಹೋಗುತ್ತಾ?” ಎಂದು ತೆಲುಗಿನಲ್ಲಿ ಕೇಳಿದರು. ದಿನಾ ಹೋಗುತ್ತದೆ ಎಂದೆ. “ಹಾಗಾದರೆ ಕಡೆಯ ಸಾಲು ಹೊಡೆದಿಲ್ಲ ನೀವು. ಇಪ್ಪತ್ತನೆಯದು. ಅದನ್ನು ಹೊಡೆದರೇ ಅದಕ್ಕೆ ನೆನಪು ಉಳಿಯೋದು.”

ಹಾಳೆಯ ಕೆಳಗಿನ ಎಡ ಮೂಲೆಯ ಅರಿಶಿನವನ್ನು ಉಗುರಿನಿಂದ ಕೆರೆದೆ. ‘ಸೇವ್’ ಎಂಬ ಒಂದೇ ಪದ, ಮುತ್ತೈದೆಯಂತೆ ಹಳದಿಯಾಗಿ ಹೊರಬಂತು. ಹೊಡೆದು, ಸ್ವಿಚ್ ಆರಿಸಿ ಹಾಕಿದೆ. ಪೆಟ್ಟಿಗೆ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು.

ಮ್ಯಾನೇಜರಿಗೆ ಹೇಳಿದೆ. “ಹಂಗಾದ್ರ ನೀವ ಹೋಗಿ ಕರ್ಕೊಂಡು ಬರ್ರಿ” ಎಂದರು. ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ತಿಪ್ಪಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಪೂರ್ತಿ ಕೇಳಿದಳು.

“ಬರ್ತೀನಿ ಸ್ವಾಮಿ. ಆದ್ರ ಇದನ್ನ ನನಗ ಹೇಳಿ ಏನು ಬಂತು? ಮಾನ ಹೋಗಿದ್ದು ಗೇಟಿನಾಗ. ಅಲ್ಲೇ ಹೇಳ್ರಿ.”

ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಗೇಟಿನಲ್ಲಿ ನಿಂತು, ತಿಪ್ಪಮ್ಮನದು ಏನೂ ತಪ್ಪಿಲ್ಲ, ನನ್ನ ಅರಿಶಿನದ್ದು ಎಂದು ಹೇಳಿದೆ. ಪಕ್ಕದಲ್ಲೇ ನಿಂತಿದ್ದ ಆಕೆ, “ಹಿಂದಿನೋರಿಗೆ ಕೇಳಲಿಲ್ಲ” ಎಂದಳು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ತಿಪ್ಪಮ್ಮ ಪೊರಕೆ ತೆಗೆದುಕೊಂಡಳು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹತ್ತಿ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, “ಏನಾತಬೇ?” ಎಂದು ಆಕೆಯನ್ನು ಕೇಳಿದ.

“ಆಚಾರ್ರು ಭಾಳ ಚಂದ ಹೇಳ್ತಾರ, ಅವರನ್ನ ಕೇಳು.”

ಅಷ್ಟು ಹೊತ್ತಿಗೆ ಯಾವ ಮಾತಿಗೆ ಜನ ನಗುತ್ತಾರೆಂಬುದು ನನಗೂ ತಿಳಿದಿತ್ತು. ನಾಚಿಕೆಯಾಗಬೇಕಾದವನು, ಗಂಟಲು ಸರಿಮಾಡಿಕೊಂಡು, ರೈಲು ಹಿಡಿಯಲು ಓಡಿದ ಇಂಜಿನಿಯರಿಂದ ಶುರುಮಾಡಿದೆ.