ನೋಡುವ ಹುಲ್ಲು, ಕದಿಯುವ ಬಳ್ಳಿ

ಗಿಡಗಳ ಕೆಲಸ ಮಾಡುವವನ ಪಾಲಿಗೆ ನಗೆಪಾಟಲು ಅಂದರೆ ಕಳೆ ಇದ್ದ ಹಾಗೆ. ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಕುವುದಿಲ್ಲ, ಆದರೂ ವಾರಕ್ಕೊಂದು ತಾನೇ ಹುಟ್ಟಿಕೊಳ್ಳುತ್ತದೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಲಾರಿ ಕ್ಲೀನರ್ ಆದೆ, ಹತ್ತಿ ಜಿನ್ನಿನಲ್ಲಿ ಮೂಟೆ ಹೊತ್ತೆ, ಅಕ್ಕಿ ಗಿರಣಿಯಲ್ಲಿ ಹೊಟ್ಟು ಬಳಿದೆ. ಪೋತ್ನಾಳದಲ್ಲಿ ಚಹಾದ ಅಂಗಡಿ ಇಟ್ಟೆ, ಆರು ತಿಂಗಳಿಗೆ ಅದನ್ನೂ ಬಿಟ್ಟೆ. ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮಾಲಿ ಕೆಲಸ ಹಿಡಿದದ್ದೂ ಅದಕ್ಕೇ. ಗಿಡ ಒಂದು ಕಡೆ ನಿಂತರೆ ಸಾಕು, ಮಾಲಿ ನಿಲ್ಲಬೇಕಂತಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ರಾಯಚೂರಿನ ಒಂದು ಮನೆಯಿಂದ ಕರೆ ಬಂತು. ಯಜಮಾನರು ಕಾಲುವೆ ಕೆಲಸದಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅವರಿಗೆ ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ಕೆಲಸ. ಅದೇ ಬ್ಯಾಂಕಿನಲ್ಲಿ ದೇವದುರ್ಗದ ಒಬ್ಬ ಹುಡುಗ. ಇಬ್ಬರಿಗೂ ಮನಸ್ಸಾಗಿತ್ತು, ಹುಡುಗನ ತಾಯಿಯೂ ಒಪ್ಪಿದ್ದಳು. ಉಳಿದದ್ದು ಹುಡುಗನ ಅಪ್ಪ ಒಬ್ಬನೇ.

ಮಗಳು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದಳು: "ಅಣ್ಣಾ, ಅವರ ಅಪ್ಪಾರು ಹೊಲ ಮಾಡೋರು. ಅಂಗಳ ನೋಡಿದ್ರ ಮನಿ ಗೊತ್ತಾಗ್ತದ ಅಂತಾರ. ದೊಡ್ಡ ಮಗನಿಗೆ ಹೆಣ್ಣು ನೋಡೋ ಮುಂದ ಎರಡು ಮನಿ ಗೇಟಿನಿಂದಲೇ ವಾಪಸ್ ಹೋಗ್ಯಾರ. ದೀಪಾವಳಿ ಆದ ಆಯ್ತವಾರ ನಮ್ಮನಿಗೆ ಬರ್ತಾರ. ಅಷ್ಟರೊಳಗ ಇದು ಅಂಗಳ ಆಗಬೇಕು."

ನಾನು 'ಇದನ್ನು' ನೋಡಿದೆ. ಕಲ್ಲಾಗಿ ಹೋದ ಸಿಮೆಂಟಿನ ಎರಡು ಚೀಲ, ಒಡೆದ ನೀರಿನ ಟಾಕಿ, ಆಳೆತ್ತರ ಬಳ್ಳಾರಿ ಜಾಲಿ. ಜಾಲಿಯ ನೆರಳಲ್ಲಿ ಯಾರದೋ ಆಡು ಮಲಗಿ ಮೆಲುಕು ಹಾಕುತ್ತಿತ್ತು.

"ಆಗ್ತದ ತಂಗೀ" ಅಂದೆ. ಬಾಯಿಗೆ ಏನು, ಅಂದುಬಿಡುತ್ತದೆ.

೧. ನೋಡುವ ಹುಲ್ಲು

ಜಾಲಿ ಕಡಿದೆ, ಆಡು ಓಡಿಸಿದೆ, ಕಪ್ಪು ಎರೆ ಮಣ್ಣು ತೆಗೆದು ಕೆಂಪು ಮಣ್ಣು ತುಂಬಿದೆ. ಯಜಮಾನರಿಗೆ, ಅಂದರೆ ನಮ್ಮ ಸರ್‌ಗೆ, ಮುಂದಿನ ಅಂಗಳದಲ್ಲಿ ಲಾನ್ ಬೇಕಿತ್ತು. ಮಳೆಗಾಲ ಕೈ ಹಿಡಿಯಿತು, ಹುಲ್ಲು ಬೇರು ಬಿಟ್ಟು ಹತ್ತಿಕೊಂಡಿತು. ಮಳೆ ನಿಂತ ಮೇಲೆ ಸರ್ ಸ್ನಾನ ಒಂದು ಬಕೀಟಿನಲ್ಲಿ ಮುಗಿಸಿ ಉಳಿದ ನೀರನ್ನು ಹುಲ್ಲಿಗೆ ಬಿಡತೊಡಗಿದರು.

ಹಾಲು ಹಾಕುವ ಅವ್ವ ಒಂದು ದಿನ ಗೇಟಿನಲ್ಲಿ ನಿಂತು ಕೇಳಿದಳು:

"ಯಪ್ಪಾ, ಎಷ್ಟು ಎಮ್ಮಿ ಕಟ್ಟೀರಿ?"

"ಎಮ್ಮಿ ಇಲ್ಲ ಯವ್ವಾ."

"ಆಕಳು?"

"ಅದೂ ಇಲ್ಲ."

"ಮತ್ತ ಹುಲ್ಲು ಯಾಕ ಬೆಳಸಾಕತ್ತೀರಿ?"

"ನೋಡಾಕ."

"ನೋಡಿ?"

"ನೋಡಿ, ಹದಿನೈದು ದಿನಕ್ಕೊಮ್ಮಿ ಕತ್ತರಿಸೋದು."

"ಕತ್ತರಿಸಿ?"

"ಹೊರಗ ಒಗಿಯೋದು."

ಅವ್ವ ಹಾಲಿನ ಕ್ಯಾನು ಕೆಳಗಿಟ್ಟಳು. ಒಳಗಿನ ಕಡೆ ನೋಡಿ ದನಿ ತಗ್ಗಿಸಿ, "ನಿಮ್ಮ ಸಾಹೇಬ್ರು ಆರಾಮ ಅದಾರಿಲ್ಲೋ?" ಅಂದಳು.

ಮರುದಿನ ಬೆಳಿಗ್ಗೆ ಸರ್ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಗೇಟಿನಲ್ಲಿ ದಪ್ಪ ಉಸಿರು ಕೇಳಿಸಿತು. ನೋಡಿದರೆ ಅವ್ವ, ಅವಳ ಹಿಂದೆ ಹಗ್ಗದಲ್ಲಿ ಎಮ್ಮೆ.

"ಏನವ್ವಾ ಇದು!" ಅಂತ ಸರ್ ಎದ್ದು ನಿಂತರು.

"ಏನಿಲ್ರಿ ಸಾಹೇಬ್ರ. ನೋಡಾಕ ಬೆಳಸಿದ ಹುಲ್ಲು ಅಂದ್ರು. ಇಕಿ ಹುಟ್ಟಿದಾಗಿಂದ ಇಂಥಾದ್ದು ನೋಡಿಲ್ಲ. ಗೇಟಿನ ಹೊರಗ ನಿಂತು ನೋಡ್ತಾಳ, ಬಾಯಿ ಹಾಕಂಗಿಲ್ಲ."

ಎಮ್ಮೆ ಅರ್ಧ ಗಂಟೆ ನಿಂತು ನೋಡಿತು. ಆ ದಿನ ಅರ್ಧ ಲೀಟರ್ ಹಾಲು ಜಾಸ್ತಿ ಕೊಟ್ಟಿತಂತೆ. ಆವತ್ತಿನಿಂದ ಅವ್ವ ಅದನ್ನು ದಿನಾ ಕರೆದುಕೊಂಡು ಬರತೊಡಗಿದಳು, ಸರ್ ಪೇಪರನ್ನು ಒಳಗೆ ಕೂತು ಓದತೊಡಗಿದರು.

೨. ಕದಿಯುವ ಬಳ್ಳಿ

ಅಂಗಳ ಸರ್ ಪಾಲಿಗೆ ಹೋದರೆ, ಬಾಗಿಲು ಅವರ ಹೆಂಡತಿ, ಅಮ್ಮನ ಪಾಲಿನದು. ಬಾಗಿಲ ಎರಡೂ ಕಡೆ ಮನಿ ಪ್ಲಾಂಟ್ ಹಬ್ಬಬೇಕು ಅಂದರು. ನರ್ಸರಿಯಿಂದ ತರ್ತೀನಿ ಅಂದೆ.

"ಕೊಂಡು ತಂದದ್ದು ಹತ್ತಂಗಿಲ್ಲೋ! ಮನಿ ಪ್ಲಾಂಟ್ ಕದ್ದು ತರಬೇಕು. ಮಾನ್ವಿಯಾಗ ನಮ್ಮಕ್ಕನ ಮನ್ಯಾಗ ಸೊಂಪಾಗಿ ಬೆಳದದ. ಹೋಗಿ ಕದ್ದುಕೊಂಡು ಬಾ."

"ಅಮ್ಮಾರ, ಸಿಕ್ಕಿಬಿದ್ರ?"

"ಯಾಕ ಸಿಕ್ಕೀ? ನಾ ಈಗಲೇ ಅಕ್ಕಗ ಫೋನ್ ಮಾಡಿ ಹೇಳ್ತೀನಿ, ಕದಿಯಾಕ ನಮ್ಮ ಮನುಷ್ಯಾ ಬರಾಕತ್ತಾನ ಅಂತ."

ಮಾನ್ವಿಯಲ್ಲಿ ದೊಡ್ಡಮ್ಮ ನನ್ನ ದಾರಿ ಕಾಯುತ್ತಿದ್ದರು. ಕೈಕಾಲು ತೊಳಿ ಅಂದರು, ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದರು, ಮೇಲೆ ಮಜ್ಜಿಗೆ ಕೊಟ್ಟರು. ಆಮೇಲೆ ಸೆರಗು ಸರಿ ಮಾಡಿಕೊಂಡು, "ಇನ್ನ ನಾ ಅಡಗಿ ಮನಿಗೆ ಹೋಗ್ತೀನಿ. ನೀ ನಿನ್ನ ಕೆಲಸ ಮುಗಿಸಿಕೋ" ಅಂತ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ಕತ್ತರಿ ತೆಗೆದು ಒಂದು ತುದಿ ಹಿಡಿದೆ. ಅಡುಗೆ ಮನೆಯ ಕಿಟಕಿಯಿಂದ ದನಿ ಬಂತು: "ಅಷ್ಟು ಸಣ್ಣದು ಬ್ಯಾಡ ಲೇ, ಹತ್ತಂಗಿಲ್ಲ! ಗೆಣ್ಣು ಇದ್ದದ್ದು ನೋಡಿ ಕದಿ!"

ಗೆಣ್ಣು ಹುಡುಕಿ ಬಗ್ಗುವುದಕ್ಕೂ ಪಕ್ಕದ ಮನೆಯ ಮುದುಕ ಕಾಂಪೌಂಡಿನ ಮೇಲಿಂದ ಇಣುಕುವುದಕ್ಕೂ ಸರಿಹೋಯಿತು. "ಕಳ್ಳ! ಕಳ್ಳ ಬಂದಾನ್ರೀ!" ಅಂತ ಕೂಗಿದ. ಎರಡು ನಿಮಿಷಕ್ಕೆ ಆರು ಮಂದಿ ಕೂಡಿದರು. ಒಬ್ಬ ನನ್ನ ಅಂಗಿ ಹಿಡಿದ.

"ನಾ ಕಳ್ಳ ಅಲ್ರಿ, ದೊಡ್ಡಮ್ಮನ್ನ ಕೇಳ್ರಿ!"

ದೊಡ್ಡಮ್ಮ ಹೊರಗೆ ಬಂದರು, ಆದರೆ ಪಾಪ ಅವರಿಗೂ ಪೇಚಾಟ. ನಾನೇ ಕೊಟ್ಟೆ ಅಂದರೆ ಬಳ್ಳಿ ಹತ್ತುವುದಿಲ್ಲ. ನನ್ನ ಮುಖ ನೋಡಿದರು, ಬಳ್ಳಿ ನೋಡಿದರು, ಕಡೆಗೆ ಗಟ್ಟಿ ಮನಸ್ಸು ಮಾಡಿ ಅಂದರು:

"ಹೌದು, ಕಳ್ಳನೇ. ಆದ್ರ ಚಲೋ ಕಳ್ಳ. ಬಿಡ್ರಿ, ಪೂರಾ ಕದ್ದುಕೊಂಡು ಹೋಗ್ಲಿ."

ಅಂಗಿ ಹಿಡಿದವನು ಕೈ ಬಿಟ್ಟ. ಮುದುಕ ಕಾಂಪೌಂಡಿನ ಮೇಲಿಂದ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ: "ತಮ್ಮಾ, ಹೆಂಗೂ ಕದಿಯಾಕತ್ತೀದಿ. ನಮ್ಮನಿಗೂ ಒಂದು ತುಂಡು ಕದ್ದು ಕೊಟ್ಟು ಹೋಗು."

೩. ಬಸ್ಸು ಹತ್ತಿದ ಸೇವಂತಿಗೆ

ದಸರಾ ಕಳೆಯಿತು. ಹುಲ್ಲು ಹಸಿರಾಗಿತ್ತು, ಬಳ್ಳಿ ಚಿಗುರಿತ್ತು, ಹೂವು ಮಾತ್ರ ಇರಲಿಲ್ಲ. ನಾನು ನೆಟ್ಟ ಸೇವಂತಿಗೆ ಎಲೆ ಬಿಟ್ಟುಕೊಂಡು ಸುಮ್ಮನೆ ನಿಂತಿತ್ತು, ಮೊಗ್ಗಿನ ಸುದ್ದಿಯೇ ಇಲ್ಲ. ಮಗಳು ದಿನಾ ಬ್ಯಾಂಕಿಗೆ ಹೋಗುವಾಗ ಅದರ ಮುಂದೆ ನಿಂತು ಕ್ಯಾಲೆಂಡರ್ ಲೆಕ್ಕ ಹಾಕುತ್ತಿದ್ದಳು. ಕಡೆಗೆ ನಾನೇ ಹೇಳಿದೆ, "ದೇವದುರ್ಗದಾಗ ನನಗ ಗುರ್ತಿನ ನರ್ಸರಿ ಅದ. ಅರಳಿದ್ದನ್ನೇ ಕುಂಡ ಸಮೇತ ತರ್ತೀನಿ."

ತಂದೆ. ಅಂದರೆ, ತರಲು ಹೊರಟೆ. ಹಳದಿ ಸೇವಂತಿಗೆ, ಒಂದೇ ಕುಂಡದಲ್ಲಿ ಐವತ್ತು ಹೂವಿಗೆ ಕಡಿಮೆ ಇರಲಿಲ್ಲ. ರಾಯಚೂರು ಬಸ್ಸಿನಲ್ಲಿ ಸೀಟು ಸಿಕ್ಕಿತು, ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಪಕ್ಕದ ಅಜ್ಜಿ ಶುರು ಮಾಡಿದಳು. "ಯಪ್ಪಾ, ಒಂದೇ ಒಂದು ಕೊಡು, ದೇವರಿಗೆ." ದೇವರಿಗೆ ಅಂದಮೇಲೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಮುಂದಿನ ಸೀಟಿನವಳು ತಿರುಗಿ, "ಆಕಿಗೆ ಕೊಟ್ರಿ, ನಮ್ಮ ದೇವರೇನು ಪಾಪ ಮಾಡ್ಯಾನ್ರೀ?" ಅಂದಳು. ಅಲ್ಲಿಂದ ಬಸ್ಸಿನಲ್ಲಿ ಭಕ್ತಿ ಹೆಚ್ಚುತ್ತಾ ಹೋಯಿತು. ಒಬ್ಬಳ ದೇವರಿಗೆ ಮೂರು ಬೇಕು, ಒಬ್ಬಳ ಮನೆದೇವರಿಗೆ ಹಳದಿಯೇ ಆಗಬೇಕು. ತೆಗೆದುಕೊಂಡ ಹೂವೆಲ್ಲ ದೇವರಿಗೆ ಹೋಗುವ ಮೊದಲು ದಾರಿಯಲ್ಲಿ ತುರುಬಿನಲ್ಲೇ ಇಳಿದುಕೊಂಡವು.

ರಾಯಚೂರು ಬಂದಾಗ ಗಿಡದಲ್ಲಿ ಒಂದೇ ಹೂವು ಉಳಿದಿತ್ತು. ಇಳಿಯುವ ಮುಂದೆ ಕಂಡಕ್ಟರ್ ತಡೆದ.

"ಕುಂಡಕ್ಕ ಲಗೇಜ್ ಟಿಕೆಟ್ ತಗೊಂಡಿಲ್ಲಲ್ರಿ ನೀವು?"

ಆ ಒಂದು ಹೂವು ಡ್ರೈವರ್ ಮುಂದಿನ ದೇವರ ಫೋಟೋಕ್ಕೆ ಹೋಯಿತು.

ಮನೆಯಲ್ಲಿ ಮಗಳು ಕುಂಡವನ್ನು ಸುತ್ತಲೂ ತಿರುಗಿಸಿ ನೋಡಿದಳು. "ಅಣ್ಣಾ, ಇಂಥಾದ್ದು ನಮ್ಮಲ್ಲೇ ಇತ್ತಲ್ಲ? ಇದಕ್ಕ ದೇವದುರ್ಗ ತನಕ ಯಾಕ ಹೋದಿ?"

೪. ಖಾಲಿ ಜಾಗ

ಪುಣ್ಯಕ್ಕೆ ದೀಪಾವಳಿಯ ಹೊತ್ತಿಗೆ ನಮ್ಮ ಸೇವಂತಿಗೆಯೇ ಮೊಗ್ಗು ಒಡೆಯಿತು. ಮುಂದಿನ ಅಂಗಳ ನೋಡುವ ಹಾಗಾಯಿತು. ಹಿತ್ತಲು ಮಾತ್ರ ಬೋಳು. ಹಬ್ಬಕ್ಕೆ ಮನೆಯವರೆಲ್ಲ ಮಾನ್ವಿಗೆ ದೊಡ್ಡಮ್ಮನ ಮನೆಗೆ ಹೊರಟರು. ಶನಿವಾರ ಬರುತ್ತೇವೆ ಅಂತ ಗೇಟಿನ ಕೀಲಿ ನನ್ನ ಕೈಗೆ ಕೊಟ್ಟರು.

ಕೀಲಿ ಕೈಗೆ ಬಂದರೆ ನನಗೆ ಬುದ್ಧಿ ಜಾಸ್ತಿ ಆಗುತ್ತದೆ. ಹಿತ್ತಲಿಗೆ ಗೊಬ್ಬರ ಹಾಕಿ ಮಡಿ ಮಾಡಿಟ್ಟರೆ ಹೊಲದ ಮನುಷ್ಯನ ಕಣ್ಣಿಗೆ ಚೆನ್ನ ಅನಿಸಿತು. ಆದರೆ ಗೊಬ್ಬರ ತರಲು ಓಣಿಯೊಳಗೆ ಟ್ರ್ಯಾಕ್ಟರ್ ಬರುವುದಿಲ್ಲ. ಶುಕ್ರವಾರ ಮಧ್ಯಾಹ್ನ ಬೈಪಾಸ್ ಕಡೆ ಹೋದವನಿಗೆ ಕುರಿ ಹಿಂಡು ಕಂಡಿತು. ನಮ್ಮ ಕಡೆ ರಾಶಿ ಆದ ಹೊಲದಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ರಾತ್ರಿ ಅಲ್ಲೇ ಮಲಗಿ ಎದ್ದು ಹೋದರೆ ಹೊಲಕ್ಕೆಲ್ಲ ಗೊಬ್ಬರ. ಕುರಿಯವನಿಗೆ ಒಂದು ಊಟ, ಎರಡು ಸೇರು ಜೋಳ ಕೊಟ್ಟರೆ ಮುಗಿಯಿತು.

"ಎಷ್ಟು ಅದಾವ?" ಅಂದೆ.

"ನಲವತ್ತು. ಎಷ್ಟು ಎಕರೆ ಹೊಲ?" ಅಂದ ಕುರಿಯವ.

"ಹಿತ್ತಲ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆದರೂ ಬಂದ, ಊಟದ ಆಸೆಗೆ.

ಸಂಜೆ ಕುರಿ ಹಿತ್ತಲಿಗೆ ಹೊಡೆದೆವು. ಮನೆ ಪಕ್ಕದ ಸಂದಿಗೆ ಒಂದು ಹಗ್ಗದ ಮಂಚದ ಹೊರಸು ಅಡ್ಡ ಇಟ್ಟು, ಭದ್ರ ಆಯಿತು ಅಂತ ನಾನು ಮನೆಗೆ ಹೋದೆ. ಹೊಲದಲ್ಲಿ ಕುರಿ ನಿಲ್ಲಿಸುವುದು ಬೆಳೆ ತೆಗೆದ ಮೇಲೆ, ಅಲ್ಲಿ ತಿನ್ನಲು ಏನೂ ಇರುವುದಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಬಂದು ನೋಡಿದರೆ ಹೊರಸು ಅಡ್ಡ ಬಿದ್ದಿತ್ತು. ಲಾನ್ ಇಲ್ಲ, ಸೇವಂತಿಗೆ ಇಲ್ಲ, ಬಾಗಿಲ ಬಳ್ಳಿ ಇಲ್ಲ. ಗೇಟಿನಿಂದ ಮೆಟ್ಟಿಲ ತನಕ ಕರಿ ಕಡಲೆ ಚೆಲ್ಲಿದ ಹಾಗೆ ಕುರಿ ಹಿಕ್ಕಿ. ಕುರಿಯವ ವರಾಂಡದಲ್ಲಿ ಕೂತು ಬೀಡಿ ಹಚ್ಚುತ್ತಾ, "ಚಲೋ ಮೇವು ಇಟ್ಟಿದ್ರಿ" ಅಂದ.

ಮಧ್ಯಾಹ್ನ ಮನೆಯವರು ಬಂದರು. ಅಮ್ಮ ಬಾಗಿಲು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸರ್ ಲಾನ್ ಇದ್ದ ಜಾಗವನ್ನು ಹೆಜ್ಜೆ ಹಾಕಿ ಅಳೆದರು. ಮಗಳ ಕಣ್ಣಲ್ಲಿ ನೀರು. "ಅಣ್ಣಾ, ನಾಳೆ ಬರ್ತಾರ. ಗೇಟಿನಿಂದಲೇ ವಾಪಸ್ ಹೋದ್ರ ನಾ ಏನು ಮಾಡ್ಲಿ?" ನಾನು ಜೀವನದಲ್ಲಿ ಹತ್ತು ಕೆಲಸ ಬಿಟ್ಟು ಓಡಿದವನು, ಆ ದಿನ ಮಾತ್ರ ಓಡಲು ಕಾಲು ಬರಲಿಲ್ಲ. ಕತ್ತಲಾಗುವ ತನಕ ಗುಡಿಸಿದೆ. ಗುಡಿಸಿದಷ್ಟೂ ಇತ್ತು.

ಮರುದಿನ ಆಯ್ತವಾರ ದೇವದುರ್ಗದವರು ಬಂದೇಬಿಟ್ಟರು. ಸರ್ ಲೆಕ್ಕಾಚಾರ ಏನಂದರೆ, ಆಟೋದಿಂದ ಇಳಿಸಿ ಮಾತಿಗೆ ಹಚ್ಚಿ ಸೀದಾ ಹಾಲ್‌ಗೆ ಒಯ್ಯುವುದು. ಹುಡುಗ ಒಳಗೆ ಹೋದ, ಅವನ ತಾಯಿ ಹೋದಳು. ಅಪ್ಪ ಮಾತ್ರ ಗೇಟಿನಲ್ಲೇ ನಿಂತ. ಧೋತರ ಎತ್ತಿ ಕುಕ್ಕರಗಾಲಲ್ಲಿ ಕೂತ. ಒಂದು ಹಿಕ್ಕಿ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿದ.

"ಇದು ಯಾರ ಬುದ್ಧಿ?"

ಸರ್ ಕೂಡಲೇ ನನ್ನ ಕಡೆ ಕೈ ಮಾಡಿದರು. "ಇವಂದು! ಪೂರಾ ಇವಂದು! ನಾವು ಊರಾಗೇ ಇದ್ದಿಲ್ಲ!"

"ಭೇಷ್!" ಅಂದ ಹುಡುಗನ ಅಪ್ಪ. "ಪ್ಯಾಟ್ಯಾಗ ಕುರಿ ನಿಲ್ಸಿದ ಮನಿ ಇದೇ ಮೊದಲು ನೋಡಾಕತ್ತೀನಿ. ಎಲ್ಲಿ ಹೋದ್ರೂ ಬರೇ ಹೂವು ತೋರಸ್ತಾರ. ಇದು ಒಕ್ಕಲುತನ ಬಲ್ಲ ಮನಿ."

ಸರ್ ಚಾಚಿದ್ದ ಕೈಯನ್ನು ಮೆಲ್ಲಗೆ ತಮ್ಮ ಎದೆಯ ಕಡೆ ತಿರುಗಿಸಿದರು. "ಮಾಡಿದವ ಇವನೇರಿ. ಹಿಂಗ ಮಾಡು ಅಂತ ಹೇಳಿದವ ನಾನು."

ಒಳಗೆ ಹೋಗಿ ಕೂತು ಹುಡುಗನ ಅಪ್ಪ ತೊಡೆ ತಟ್ಟಿ ಹೇಳಿದ: "ನನ್ನ ಕಡಿಂದ ಒಪ್ಪಿಗಿ. ಅಂಗಳ ನೋಡಿದೆ, ಮನಿ ಗೊತ್ತಾತು."

ಮಗಳು ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಶನಿವಾರ ಅತ್ತವಳು ಈಕೆಯೇ ಅಂದರೆ ಯಾರೂ ನಂಬುತ್ತಿರಲಿಲ್ಲ. ಕಪ್ಪನ್ನು ಹುಡುಗನ ಅಪ್ಪನ ಕೈಗೆ ಕೊಟ್ಟು ಮೆತ್ತಗೆ ಅಂದಳು: "ಭಾಳ ಸಂತೋಷ ಆತ್ರಿ ಕಾಕಾರ. ಹಂಗಾದ್ರ ನಾವೂ ನಿಮ್ಮ ಅಂಗಳ ನೋಡಬೇಕಲ್ರಿ? ಬರೋ ಆಯ್ತವಾರ ದೇವದುರ್ಗಕ್ಕ ಬರ್ತೀವಿ. ನೋಡಿ ನಮ್ಮ ಕಡಿಂದ ಹೇಳ್ತೀವಿ."

ಹುಡುಗ ತಲೆ ಬಗ್ಗಿಸಿ ನಗು ತಡೆದುಕೊಂಡ. ಅವನ ತಾಯಿ ಮಾತ್ರ ತಡೆದುಕೊಳ್ಳಲಿಲ್ಲ. "ನೋಡವ್ವಾ, ಚಂದಾಗಿ ನೋಡು! ಮೂವತ್ತು ವರ್ಷ ಆತು, ಆ ಅಂಗಳದಾಗ ಕಾಲಿಡಾಕ ಜಾಗ ಕೇಳಾಕತ್ತೀನಿ!"

ಹುಡುಗನ ಅಪ್ಪನಿಗೆ ಚಹಾ ನೆತ್ತಿಗೇರಿತು.

ಹೊರಡುವ ಮುಂದೆ ಹುಡುಗನ ಅಪ್ಪ ನನ್ನ ತೋಳು ಹಿಡಿದು ಮನೆಯ ಪಕ್ಕದ ಸಂದಿಗೆ ಎಳೆದುಕೊಂಡು ಹೋದ. "ತಮ್ಮಾ, ನಾಳೆ ಮೊದಲ ಬಸ್ಸಿಗೆ ನಮ್ಮೂರಿಗೆ ಬಾ. ನಮ್ಮ ಅಂಗಳದಾಗ ಹಳೇ ಟೈರು, ಮುರಿದ ಕೂರಿಗಿ, ಕೆಟ್ಟ ಪಂಪು ಬಿಟ್ರ ಏನೂ ಇಲ್ಲ. ಹುಡುಗಿ ಬರೋದರೊಳಗ ಏನರ ಮಾಡು."

"ಚಿಂತಿ ಬಿಡ್ರಿ ಯಪ್ಪಾ" ಅಂದೆ. "ಆ ಕುರಿಯವನ್ನೂ ಕರ್ಕೊಂಡೇ ಬರ್ತೀನಿ."

ಅವನು ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟ. ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ.

"ಹುಚ್ಚ ಅದೀಯೇನಲೇ? ಬ್ಯಾರೇದೋರ ಅಂಗಳದಾಗ ಕುರಿ ಚಂದ. ನಮ್ಮ ಅಂಗಳದಾಗ ಆ ಟೈರಿನ ಸಂದ್ಯಾಗ ನನ್ನ ಹೆಂಡ್ತಿ ಹಚ್ಚಿದ್ದು ಒಂದೇ ಒಂದು ಮಲ್ಲಿಗಿ ಬಳ್ಳಿ ಅದ. ಅದಕ್ಕ ಕುರಿ ಬಾಯಿ ಹಾಕ್ತಂದ್ರ, ಮಗನ ಮದುವಿ ಮುಂದಿನ ಮಾತು, ನನ್ನನ್ನೂ ಕುರಿ ಸಂಗಾಟ ಅಡವಿಗೆ ಹೊಡೀತಾಳ!"