ಬೆಳಕವಾಡಿ ಶಾಖೆಯ ನೇರಪ್ರಸಾರದಲ್ಲಿ ಕೇಳಿಬಂದ ಗದರಿಕೆಯ ಕುರಿತು

ಸುತ್ತೋಲೆ ಸಂಖ್ಯೆ: ಗ್ರಂ/ಮೌನ/ಮೊಬೈಲ್/೪೧
ಸ್ಥಳ: ಮಂಡ್ಯ

ವಿಷಯ: ಗ್ರಂಥಾಲಯ ಸಿಬ್ಬಂದಿ ಸಾಮಾಜಿಕ ಜಾಲತಾಣದಲ್ಲಿ ಓದುಗರನ್ನು ಗದರುವ ಬಗ್ಗೆ.

ಉಲ್ಲೇಖ: ೧) ಓದುಗರಿಲ್ಲದ ಕಾರಣ ಬೆಳಕವಾಡಿ ಶಾಖೆಯನ್ನು ಮುಚ್ಚುವ ಆದೇಶ.
೨) ಮದ್ದೂರಿನಲ್ಲಿ ನೀಡಲಾದ ಮೊಬೈಲ್ ಬಳಕೆ ತರಬೇತಿ.

ಸದರಿ ತರಬೇತಿಯಲ್ಲಿ ನೇರಪ್ರಸಾರ ಶುರು ಮಾಡುವ ಪಾಠವನ್ನು ಊಟಕ್ಕೆ ಮುಂಚೆಯೂ, ನಿಲ್ಲಿಸುವ ಪಾಠವನ್ನು ಊಟವಾದ ಮೇಲೂ ಇಡಲಾಗಿತ್ತು. ಬೆಳಕವಾಡಿ ಶಾಖೆಯ ಅಟೆಂಡರ್ ಸಣ್ಣತಾಯಮ್ಮನವರು ಬಸ್ಸಿಗೆ ಹೊತ್ತಾಯಿತೆಂದು ಊಟ ಮುಗಿಸಿ ಹೊರಟಿರುತ್ತಾರೆ. ಮರುದಿನ ಶಾಖೆಯ ಖಾಲಿ ಕುರ್ಚಿಗಳನ್ನು ಫೇಸ್‌ಬುಕ್ಕಿನಲ್ಲಿ ತೋರಿಸಲು ಅವರು ಶುರು ಮಾಡಿದ ನೇರಪ್ರಸಾರವು ಚಾರ್ಜ್ ಮುಗಿಯುವವರೆಗೂ ನಡೆದು, ಪೇಪರಿನ ಕ್ರಿಕೆಟ್ ಪುಟ ನೋಡಲು ಬಂದ ಪುನೀತ್ ಎಂಬುವರಿಗೆ ಅವರು ಆಡಿದ ಮಾತು ಊರಿಗೆಲ್ಲ ಕೇಳಿಸಿರುತ್ತದೆ:

"ಏನ್ಲಾ ಪುನೀತ, ಪುಸ್ತಕ ತಗಂಡೋಗಿ ಟೀವಿ ಕೆಳ್ಗೆ ಒತ್ತು ಕೊಟ್ಟಿದ್ದೀಯಂತೆ? ನಿಮ್ಮವ್ವನೇ ಯೋಳುದ್ಲು ಕಣ್ಲಾ! ತಂದ್ ಮಡುಗು. ಇಲ್ದಿದ್ರೆ ಯಾರ್ ಮನೇಲಿ ಏನ್ ಪುಸ್ತಕ ಅದೆ ಅಂತ ನಾಳಿಕೆ ಇಲ್ಲೇ ನಿಂತ್ಕಂಡು ಕೂಗ್ತೀನಿ, ಬುಡಾಕಿಲ್ಲ."

ತತ್ಪರಿಣಾಮವಾಗಿ, ಪುಸ್ತಕ ಒಯ್ದು ಮರೆತವರೆಲ್ಲ ಹಿಂತಿರುಗಿಸಲು ಬಂದು, ಮುಂದಿನ ಗದರಿಕೆ ಯಾರಿಗೆಂದು ತಿಳಿಯಲು ಅಲ್ಲೇ ಕುಳಿತು, ಸುಮ್ಮನಿರಲಾರದೆ ಓದತೊಡಗಿರುತ್ತಾರೆ. ಹೀಗಾಗಿ ಎಲ್ಲ ಶಾಖೆಗಳಿಗೂ ಈ ಕೆಳಗಿನಂತೆ ಕಟ್ಟಪ್ಪಣೆ ಮಾಡಲಾಗಿದೆ:

೧. ಗ್ರಂಥಾಲಯದಲ್ಲಿ ಮೌನ ಕಡ್ಡಾಯವಿರುವುದರಿಂದ ನೇರಪ್ರಸಾರವನ್ನು ಸದ್ದಿಲ್ಲದೆ ಮಾಡತಕ್ಕದ್ದು. ಗದರಲೇಬೇಕಾದಲ್ಲಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹಿಡಿಯುವುದು.

೨. ಶಾಖೆಯ ವಿಡಿಯೋವನ್ನು ಮೊಬೈಲಿಗೆ ಇಳಿಸಿಕೊಂಡವರು ಹದಿನೈದು ದಿನದೊಳಗೆ, ಮೂಲೆ ಮಡಚದೆ, ಹಿಂತಿರುಗಿಸತಕ್ಕದ್ದು.

೩. ಲೈಕ್ ಒತ್ತಿದವರಿಗೆ ಸ್ವೀಕೃತಿ ನೀಡುವುದು. ಹೃದಯದ ಚಿಹ್ನೆ ಒತ್ತಿದವರ ಉದ್ದೇಶದ ಬಗ್ಗೆ ಲಿಖಿತ ವಿವರಣೆ ಪಡೆಯುವುದು.

೪. ಕೊಕ್ಕರೆ ಬೆಳ್ಳೂರು ಶಾಖೆಯವರು ಪ್ರತಿದಿನ ಹಾಕುತ್ತಿರುವ ಚಿತ್ರಗಳಲ್ಲಿನ ಕೊಕ್ಕರೆಗಳು ಸದಸ್ಯತ್ವ ಪಡೆದಿಲ್ಲವಾದ್ದರಿಂದ ಅವುಗಳನ್ನು ಓದುಗರ ಸಂಖ್ಯೆಗೆ ಸೇರಿಸಕೂಡದು.

೫. ಬೆಳಕವಾಡಿ ಶಾಖೆಗೆ ಬೀಗ ಹಾಕಲು ತೆರಳಿದ್ದ ಮೇಲ್ವಿಚಾರಕ ಅನಂತರಾಮು ಅವರಿಗೆ ಕೂರಲು ಕುರ್ಚಿ ಸಿಕ್ಕಿರುವುದಿಲ್ಲ. ಅಲ್ಲದೆ, ಅವರೇ ಒಯ್ದು ತಾರದಿದ್ದ ಪುಸ್ತಕದ ಹೆಸರು ಆ ದಿನದ ನೇರಪ್ರಸಾರದಲ್ಲಿ ಕೇಳಿಬಂದುದರಿಂದ ಬೀಗವನ್ನು ಜೇಬಿನಲ್ಲೇ ಇಟ್ಟುಕೊಂಡು ಮರಳಿರುತ್ತಾರೆ. ಮುಚ್ಚುವ ಆದೇಶವನ್ನು ಹಿಂಪಡೆಯಲಾಗಿದೆ.

೬. ಕಂಡಿಕೆ ೧ ಬೆಳಕವಾಡಿಗೆ ಅನ್ವಯಿಸುವುದಿಲ್ಲ. ನೇರಪ್ರಸಾರ ನಿಲ್ಲಿಸುವ ಪಾಠವನ್ನು ಸಣ್ಣತಾಯಮ್ಮನವರಿಗೆ ಮುಂದಿನ ಆದೇಶದವರೆಗೆ ಯಾರೂ ಕಲಿಸಕೂಡದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಅಧಿಕಾರಿ, ಮೌನ ಪಾಲನಾ ವಿಭಾಗ

ಪ್ರತಿಗಳು:
ಎಲ್ಲ ಶಾಖೆಗಳಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
ಪುನೀತ್ ಅವರ ತಾಯಿಗೆ, ಟೀವಿ ಕೆಳಗೆ ಹಲಗೆಚೂರು ಇಡುವ ಸೂಕ್ತ ಕ್ರಮಕ್ಕಾಗಿ.
ಅನಂತರಾಮು ಅವರಿಗೆ, ಪುಸ್ತಕ ಸಮೇತ ಬೆಳಕವಾಡಿಗೆ ಹಾಜರಾಗಲು.