ವಾಲಗದ ತಾತನ ಲ್ಯಾಟಿನ್ ಮುಖ

ಮುಖದ ಒಂದು ಪಕ್ಕ ಸೊಟ್ಟಗಾದವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಪಾಂಡವಪುರದ ನನ್ನ ಕೋಣೆಗೆ ಬಂದು ಕಣ್ಣು ಹೊಡೆದು, ಹಲ್ಲು ಕಿರಿದು, ಮೂತಿ ತಿರುವಿ, ಮೇಲೆ ಫೀಸೂ ಕೊಟ್ಟು ಹೋಗುವವರಿಗೆ ಕೊರತೆಯಿಲ್ಲ. ಇಂಥ ಕಡೆ ಏನಾದರೊಂದು ನಡೆಯದೆ ಇರುತ್ತದೆಯೇ? ಈ ವರ್ಷ ಮಾತ್ರ ಎಲ್ಲವನ್ನೂ ದೇವಲಾಪುರದ ಕಡೆಯ ವಾಲಗದ ತಾತ ಒಬ್ಬರೇ ಗುತ್ತಿಗೆ ಹಿಡಿದಿದ್ದರು.

ಕಹಳೆಯವನು

ತಾತನ ಬಲಗೆನ್ನೆ ಬಿದ್ದುಹೋಗಿತ್ತು. ನಾಗಸ್ವರ ಊದಿದರೆ ತುಟಿಯ ಮೂಲೆಯಿಂದ ಗಾಳಿ ಪುಸ್ಸೆಂದು ಸೋರುತ್ತಿತ್ತು. ಮೊಮ್ಮಗಳ ಮದುವೆ ಹತ್ತಿರವಿತ್ತು.

"ಬ್ಯಾರೆಯೋರು ಊದ್ಬುಟ್ರೆ ನಾನ್ಯಾಕವ್ವ ಬದುಕಿರ್ಬೇಕು?" ಎಂದರು.

ಧೈರ್ಯ ತುಂಬಲು ಗೋಡೆಯ ಪಟ ತೋರಿಸಿದೆ. "ನೋಡಿ ತಾತ, ಕೆನ್ನೆಯ ಈ ಸ್ನಾಯುವಿನ ಹೆಸರು ಬಕ್ಸಿನೇಟರ್. ಲ್ಯಾಟಿನ್ನಿನಲ್ಲಿ ಕಹಳೆ ಊದುವವನು ಅಂತ ಅರ್ಥ."

ತಾತ ಹಿಗ್ಗಿದರು. ಆಮೇಲೆ ಅನುಮಾನ ಬಂತು. "ಇದು ಎಲ್ರಿಗೂ ಐತಾ?"

"ಎಲ್ಲರಿಗೂ ಇದೆ."

"ನಮ್ ಡೋಲಿನೋನ್ಗೂ?"

"ಅವರಿಗೂ."

"ಅವ್ನಿಗ್ಯಾಕವ್ವ? ದಂಡ!"

ನಗುವವನು

ತುಟಿಯ ಮೂಲೆ ಎಳೆಯುವ ಸ್ನಾಯು ರಿಸೋರಿಯಸ್. ಅಂದರೆ ನಗುವವನು. "ಕನ್ನಡಿ ಸಿಕ್ಕಲ್ಲೆಲ್ಲ ನಕ್ಕುಬಿಡಿ" ಎಂದು ಕಳಿಸಿದೆ.

ಮರುದಿನ ಕೆ.ಆರ್. ಪೇಟೆಯಲ್ಲಿ ಯಾರದೋ ತಿಥಿ. ಹೂವಿನ ಹಾರ ಹಾಕಿದ್ದ ಫೋಟೋದ ಗಾಜು ಫಳಫಳ ಹೊಳೆಯುತ್ತಿತ್ತಂತೆ. ತಾತ ಅದರ ಮುಂದೆ ನಿಂತು ಹಲ್ಲು ಕಿರಿದರು, ಬಿಟ್ಟರು, ಮತ್ತೆ ಕಿರಿದರು. ತೀರಿಕೊಂಡವರ ಮಗ ಕೆಂಡವಾದ. ತಾತ ತಣ್ಣಗೆ ನನ್ನ ನಂಬರು ಕೊಟ್ಟು ಎಲೆ ಮುಂದೆ ಕೂತರು.

ಸಂಜೆ ಫೋನು ಬಂತು. "ಅಲ್ಲ ಡಾಕ್ಟ್ರಮ್ಮ, ನಮ್ಮಪ್ಪ ನಿಮ್ಗೇನ್ ಮಾಡಿದ್ರು?"

ಹಣೆಯದು

ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ಅಷ್ಟರಲ್ಲಿ ಕೆನ್ನೆ ಸರಿಹೋಗಿತ್ತು. ಬಲಹುಬ್ಬು ಮಾತ್ರ ಏಳುತ್ತಿರಲಿಲ್ಲ. ಅದನ್ನೆತ್ತುವ ಸ್ನಾಯು ಫ್ರಂಟಾಲಿಸ್, ಲ್ಯಾಟಿನ್ನಿನಲ್ಲಿ ಹಣೆಯದು. "ಪುರುಸೊತ್ತಾದಾಗಲೆಲ್ಲ ಎತ್ತಿ" ಎಂದಿದ್ದೆ.

ನನಗೊಂದು ವಿಷಯ ಗೊತ್ತಿರಲಿಲ್ಲ. ನಾಗಸ್ವರದವರ ಕೈ, ಬಾಯಿ ಎರಡಕ್ಕೂ ಬಿಡುವಿಲ್ಲ. ಗಟ್ಟಿಮೇಳ ಶುರುವಾಗಬೇಕಾದರೆ ಅವರು ಡೋಲಿನವನಿಗೆ ಹುಬ್ಬೆತ್ತಿ ಸನ್ನೆ ಮಾಡುತ್ತಾರೆ.

ಪುರೋಹಿತರು ಇನ್ನೂ ಸಂಕಲ್ಪ ಹೇಳುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ನನ್ನನ್ನು ಕಂಡು ತಾತ ಹುಬ್ಬೆತ್ತಿದರು. ಎರಡೂ ಎದ್ದವು! ಖುಷಿಗೆ ನಾನು ಚಪ್ಪಾಳೆ ಹೊಡೆದೆ. ಡೋಲಿನವನು ಧಡಧಡ ಬಾರಿಸಿಯೇಬಿಟ್ಟ. ಅಕ್ಷತೆ ಸುರಿಯಿತು. ಇನ್ನೇನು, ಜನವೆಲ್ಲ ಎದ್ದು ಊಟದ ಹಾಲಿಗೆ ನುಗ್ಗಿತು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು.

"ವಾಪಸ್ ಬನ್ರಪ್ಪಾ, ತಾಳಿ ಕಟ್ಟಿಲ್ಲ!" ಎಂದು ಪುರೋಹಿತರು ಕೂಗಿದರು.

ಒಳಗಿನಿಂದ ಗಂಡಿನ ಅಪ್ಪನ ದನಿ ಬಂತು: "ನಮ್ದು ಅಕ್ಸತೆ ಆಯ್ತು ಸ್ವಾಮಿ! ಅಂಗೇ ಕಟ್ಸ್‌ಬುಡಿ, ಇಲ್ಲಿ ಪಾಯ್ಸ ಬತ್ತಾ ಐತೆ!"

ತಿರುಗಿ ನೋಡಿದರೆ ಡೋಲಿನವನೂ ನಾಪತ್ತೆ. ಕೊನೆಗೆ ತಾತ ಒಬ್ಬರೇ ಎರಡೂ ಕೆನ್ನೆ ಉಬ್ಬಿಸಿ ಗಟ್ಟಿಮೇಳ ಊದಿದರು. ಖಾಲಿ ಕುರ್ಚಿಗಳ ಮುಂದೆ ಮೊಮ್ಮಗಳಿಗೆ ತಾಳಿ ಬಿತ್ತು. ಆ ಹುಡುಗಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನಾನೂ ಅಷ್ಟೆ.

ಮದುಮಕ್ಕಳು, ಪುರೋಹಿತರು, ತಾತ, ನಾನು ಊಟಕ್ಕೆ ಓಡಿದೆವು. ಬಾಗಿಲಲ್ಲಿ ಬಡಿಸುವವನು ಕೈ ಅಡ್ಡ ಹಿಡಿದ: "ನಿಮ್ಗೆಲ್ಲ ಎರಡ್ನೇ ಪಂಕ್ತಿ. ಮೊದ್ಲು ಮದ್ವೆಗೆ ಬಂದೋರು ಉಣ್ಲಿ!"